ಪಾಲವಣಕರ ಬಾಲೂ

ಆಟದಲ್ಲಿ ಹೆಸರು ಮಾಡಿದವರಿಗೂ ಆಟವನ್ನು ಕಲಿಸಿದವರಿಗೂ ಪ್ರಾಂತಕ್ಕೊಂದು ಕೀರ್ತಿಮಂದಿರವನ್ನು ಕಟ್ಟಿ, ಅವರ ಹೆಸರುಗಳನ್ನು ಫಲಕದಲ್ಲಿ ಕೆತ್ತಿಸುವ ಪದ್ಧತಿ ಪರದೇಶಗಳಲ್ಲಿ ಉಂಟು. ಟೆನಿಸ್ ಆಟಕ್ಕೆ ಇಂತಹ ಮಂದಿರಗಳು ಹಲವಿವೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ತಂದೆತಾಯಿಗಳು ಮಕ್ಕಳ ಕೈಗೆ ರ‍್ಯಾಕೆಟ್ಟು ಕೊಟ್ಟು ಅಂಗಳಕ್ಕೆ ಕರೆದೊಯ್ಯುತ್ತಿರುವ ಈ ಕಾಲದಲ್ಲಿ ನಮ್ಮಲ್ಲಿಯೂ ಅಂತಹದೊಂದು ಏರ್ಪಡಬೇಕೆಂಬುದು ಯುಕ್ತವಾದ ಅಪೇಕ್ಷೆಯೇ. ಆದರೆ ಫಲಕದಲ್ಲಿ ಯಾರ ಹೆಸರನ್ನು ಬರೆಯತಕ್ಕದ್ದು? ಹಳೆಯ ಟೆನಿಸ್ ಕ್ಲಬ್ಬುಗಳಲ್ಲಿ ಮಾರ್ಕರನೆಂಬ ಒಬ್ಬ ಸೇವಕನಿರುತ್ತಿದ್ದನು. ಅಂಗಳ ಗುಡಿಸಿ, ಸುಣ್ಣದ ಗೆರೆಯೆಳೆದು, ಬಲೆ ಕಟ್ಟಿ, ಸದಸ್ಯರಿಗೆ ಜೊತೆಗಾರರು ದೊರೆಯದಿದ್ದಾಗ ಎದುರು ನಿಂತು ಆಡುತ್ತಿದ್ದವನು ಅವನೇ. ಅನೇಕ ಸದಸ್ಯರಿಗೆ ಆಟ ಬಂದದ್ದು ಅವನಿಂದ; ಕ್ಲಬ್ಬಿನ ಫಲಕದಲ್ಲಿ ಇರುತ್ತಿದ್ದುದು ಸದಸ್ಯರ ಹೆಸರು. ಇಂತಹ ಕೆಲಸದಿಂದಲೇ ಬಾಳನ್ನಾರಂಭಿಸಿ ದೇಶದ ಮೊದಲನೆಯ ಬೌಲರನೆನಿಸಿದ ಕನ್ನಡನಾಡಿನಲ್ಲಿ ಹುಟ್ಟಿದ ಒಬ್ಬ ಮಹನೀಯರ ಚರಿತ್ರೆಯನ್ನು ನಾವು ಇಂದು ವಾಚಕರ ಮುಂದಿಡುತ್ತೇವೆ. ಅವರ ಆಟ ಟೆನಿಸ್ ಅಲ್ಲ, ಕ್ರಿಕೆಟ್ಟು. ನ್ಯಾಯದ ಪ್ರಶ್ನೆ ಮಾತ್ರ ಎರಡಕ್ಕೂ ಒಂದೇ.

ಪಾಲವಣಕರ ಬಾಲೂ ಅವರು 1876ರಲ್ಲಿ ಧಾರವಾಡದಲ್ಲಿ ಜನಿಸಿದರು. ಮನೆತನ ಕೊಂಕಣದ ಪಾಲವಣ ಗ್ರಾಮದ್ದು. ಕುಲ, ಅಂದಿನ ಸಮಾಜವು ಅಸ್ಪೃಶ್ಯವೆಂದು ದೂರವಿಟ್ಟಿದ್ದ ಚಮ್ಮಾರ ಕುಲ. ತಂದೆ ಸೈನ್ಯದ ಸೇವೆಯಲ್ಲಿದ್ದುದರಿಂದ ಸಂಸಾರವು ಪುಣೆಗೆ ಹೋಯಿತು. ಅಲ್ಲಿ ಆಂಗ್ಲ ಅಧಿಕಾರಿಗಳು ಬಿಸುಟ ದಾಂಡು ಚೆಂಡುಗಳಿಂದ ಬಾಲೂವೂ ತಮ್ಮ ಶಿವರಾಮನೂ ಆಟ ಕಲಿತರು. ಮೊದಲು ಪಾರಸಿಗಳ ಕ್ಲಬ್ಬೊಂದರಲ್ಲಿ ಪಿಚ್ಚು ಗುಡಿಸಿ ಉರುಳೆ ಎಳೆಯುವ ಕೆಲಸ, ತಿಂಗಳಿಗೆ 3 ರೂಪಾಯಿ. ಅನಂತರ ಯೂರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ ಅದೇ ಕೆಲಸ, 4 ರೂಪಾಯಿ. ಅಲ್ಲಿ ಜೆ.ಜಿ. ಗ್ರೇಗ್ ಎಂಬ ಪ್ರಸಿದ್ಧ ದಾಂಡಿಗನಿಗೆ ಗಂಟೆಗಟ್ಟಲೆ ಚೆಂಡೆಸೆಯುವುದು ಬಾಲೂವಿನ ಪಾಲಿಗೆ ಬಂದಿತು. ತನ್ನನ್ನು ಔಟು ಮಾಡಿದಾಗಲೆಲ್ಲ ಗ್ರೇಗ್ ಎಂಟಾಣೆ ಕೊಡುತ್ತಿದ್ದನೆಂದು ಪ್ರತೀತಿ. ಎಡಗೈಯ ಆ ನಿಧಾನವಾದ ಬೌಲಿಂಗು ಹೀಗೆ ಸಾಣೆ ಹಿಡಿಯಿತು. ಚೆಂಡೆಸೆಯುವುದು ಸೇವಕನ ಕೆಲಸ, ದಾಂಡು ಹಿಡಿಯುವುದು ದೊರೆಗಳ ವಿನೋದ. ಆದುದರಿಂದ ಆ ಕ್ಲಬ್ಬಿನವರು ಅವರ ಕೈಗೆ ದಾಂಡನ್ನು ಕೊಡಲಿಲ್ಲ.

ದೊರೆಗಳ ದರ್ಪವನ್ನು ನಾವು ಖಂಡಿಸುವುದು ಸುಲಭ. ನಮ್ಮವರು ಮಾಡಿದುದೇನು? ಪುಣೆಯ ಹಿಂದೂ ಕ್ಲಬ್ಬಿಗೆ ಯೂರೋಪಿಯನ್ನರನ್ನು ಸೋಲಿಸಬೇಕೆಂಬ ಹಂಬಲವಿದ್ದಿತು. ಬಾಲೂ ಇಲ್ಲದೆ ಅದು ಆಗದೆಂಬುದೂ ತಿಳಿದಿದ್ದಿತು. ಬಹಳ ಚರ್ಚೆಯ ಮೇಲೆ ಅವರನ್ನು ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹದ ವೇಳೆಗೆ ಮಾತ್ರ ಉಳಿದವರಿಗೆ ಒಳಗೆ ಪಿಂಗಾಣಿಯ ಬಟ್ಟಲು, ಅವರಿಗೆ ಹೊರಗೆ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ತಟ್ಟೆ, ಬೇರೆ ಸ್ಥಳ. ಚೆಂಡಿಗಿಲ್ಲದ ಮೈಲಿಗೆ ಚಹಕ್ಕೆ ಹೇಗೆ ಬಂದಿತೆಂಬುದನ್ನು ಯಾವ ಶಾಸ್ತ್ರವೂ ಹೇಳಲಾರದು. ಸಾತಾರೆಯಲ್ಲಿ ಬಿಳಿಯರ ತಂಡವನ್ನು ಸೋಲಿಸಿ ಬಂದಮೇಲೆ ನ್ಯಾಯಮೂರ್ತಿ ರಾನಡೆಯವರು ಬಾಲೂವನ್ನು ಬಹಿರಂಗವಾಗಿ ಶ್ಲಾಘಿಸಿದರು. ದೊಡ್ಡವರ ಆ ಮಾತಿನಿಂದ ಸಂಕೋಚದ ಗೋಡೆ ಸ್ವಲ್ಪ ಕುಸಿಯಿತು.

1896ರಲ್ಲಿ ಪ್ಲೇಗು ಹರಡಿದ ದಿನಗಳಲ್ಲಿ ಬಾಲೂ ಮುಂಬಯಿಗೆ ತೆರಳಿದರು. ಹಿಂದೂ ಜಿಮಖಾನೆಗೆ ಆಡತೊಡಗಿದರು. 1906ರಲ್ಲಿ ಹಿಂದೂಗಳು ಯೂರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ ಅಣ್ಣತಮ್ಮಂದಿರಿಬ್ಬರೂ ತಂಡದಲ್ಲಿದ್ದರು. ವಂಗಭಂಗದ ವ್ಯಥೆಯೂ ಸ್ವದೇಶಿಯ ಕಾವೂ ಇದ್ದ ಆ ಕಾಲದಲ್ಲಿ ದೇಶಕ್ಕೆ ಅದು ಬರಿಯ ಆಟವಾಗಿ ಕಾಣಲಿಲ್ಲ.

1911ರಲ್ಲಿ ಪಟಿಯಾಲೆಯ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡವು ಇಂಗ್ಲೆಂಡಿಗೆ ಹೋಯಿತು. ನಮ್ಮ ಬೆಂಗಳೂರಿನ ಬಿ. ಜಯರಾಮ್ ಅವರೂ ಅದರಲ್ಲಿದ್ದರು. ತಂಡವು 23 ಪಂದ್ಯಗಳಲ್ಲಿ 6ನ್ನು ಗೆದ್ದು 15ರಲ್ಲಿ ಸೋತಿತು. ಆ ಸೋಲುಗಳ ನಡುವೆ ಬಾಲೂ ಒಬ್ಬರೇ 114 ವಿಕೆಟ್ಟುಗಳನ್ನು ಕಿತ್ತರು. ಒಂದೊಂದಕ್ಕೆ ತೆತ್ತ ಓಟಗಳ ಸರಾಸರಿ 19ನ್ನೂ ಮುಟ್ಟಲಿಲ್ಲ. ಆಗ ಅವರ ವಯಸ್ಸು ಮೂವತ್ತೈದು.

ಇಷ್ಟಾದರೂ ಹಿಂದೂ ತಂಡದ ನಾಯಕಪದವಿ ಅವರಿಗೆ ಬರಲಿಲ್ಲ. ವರ್ಷ ವರ್ಷವೂ ಅವರ ಹೆಸರನ್ನು ಸೂಚಿಸುವವರಿದ್ದರು. ವರ್ಷ ವರ್ಷವೂ ಮೇಲುಜಾತಿಯವರೇ ನಾಯಕರಾದರು. 1920ರಲ್ಲಿ ಅವರನ್ನು ತಂಡದಿಂದಲೇ ಬಿಟ್ಟರು. ತಮ್ಮ ವಿಠ್ಠಲರಿಗೂ ನಾಯಕತ್ವ ಕೊಡಲಿಲ್ಲ. ವಿಠ್ಠಲ ಶಿವರಾಮರಿಬ್ಬರೂ ಆಟದಿಂದ ಹಿಂದೆಗೆದು, ಕಾರಣವನ್ನು ಬಹಿರಂಗವಾಗಿ ಸಾರಿದರು. ಜನಾಭಿಪ್ರಾಯಕ್ಕೆ ಮಣಿದು ಸಮಿತಿಯವರು ಅವರನ್ನು ಮರಳಿ ಕರೆದು, ಬಾಲೂವನ್ನು ಉಪನಾಯಕರನ್ನಾಗಿ ಮಾಡಿದರು. ನಾಯಕರಾದ ಪೈ ಅವರು ಮೈದಾನದಿಂದ ಹೊರಗಿದ್ದ ವೇಳೆಯಲ್ಲಿ ಬಾಲೂ ತಂಡವನ್ನು ನಡೆಸಿದರು. ಅವರಿಗೆ ದೊರೆತದ್ದು ಅಷ್ಟೇ. ಪೂರ್ಣ ನಾಯಕತ್ವವು 1923ರಲ್ಲಿ ವಿಠ್ಠಲರಿಗೆ ಬಂದಿತು. ಆ ವರ್ಷ ಹಿಂದೂಗಳು ಗೆದ್ದರು. ಅಣ್ಣ ಉತ್ತ ಹೊಲದ ಬೆಳೆಯನ್ನು ತಮ್ಮ ಕೊಯ್ದನು.

ಮುಂದಿನ ಕಥೆ ಮೈದಾನದಿಂದಾಚೆಗಿನದು. ಡಾಕ್ಟರ್ ಅಂಬೇಡ್ಕರರು ತಮ್ಮ ಯೌವನದಲ್ಲಿ ಬಾಲೂವಿನ ಕೀರ್ತಿಯನ್ನು ತಮ್ಮ ಜನರ ಕೀರ್ತಿಯೆಂದೇ ಬಗೆದವರು. ಆದರೆ 1932ರಲ್ಲಿ ಪ್ರತ್ಯೇಕ ಚುನಾವಣಾ ಕ್ಷೇತ್ರಗಳ ಪ್ರಶ್ನೆ ಬಂದಾಗ ಇಬ್ಬರ ದಾರಿ ಬೇರೆಯಾಯಿತು. ಬಾಲೂ ಸಂಯುಕ್ತ ಕ್ಷೇತ್ರಗಳ ಪಕ್ಷ. ಗಾಂಧೀಜಿಯವರು ಯರವಡೆಯ ಸೆರೆಮನೆಯಲ್ಲಿ ಉಪವಾಸಕ್ಕೆ ಕುಳಿತಾಗ ಸಂಧಾನಕ್ಕೆ ಶ್ರಮಿಸಿ, ಪುಣೆಯ ಒಪ್ಪಂದಕ್ಕೆ ಸಹಿ ಮಾಡಿದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಅಂಬೇಡ್ಕರರಿಗೆದುರಾಗಿಯೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತಗಳು, ಬಾಲೂ ಅವರಿಗೆ 11,225.

ನಾವು ಕಾಂಗ್ರೆಸ್ಸಿನ ಅಭಿಮಾನಿಗಳಾದರೂ ಇಲ್ಲಿ ಒಂದು ಮಾತನ್ನು ಹೇಳದಿರಲಾರೆವು. ಸವರ್ಣರ ಮನಸ್ಸು ಕರಗೀತೆಂದು ಬಾಲೂ ನಂಬಿದರು. ಕರಗದೆಂದು ಅಂಬೇಡ್ಕರರು ಬಗೆದರು. ಬಾಲೂವಿನ ನಂಬಿಕೆಗೆ ಆಧಾರವಿಲ್ಲದಿರಲಿಲ್ಲ: ಮಣ್ಣಿನ ಕುಡಿಕೆಯಿಂದ ಪಿಂಗಾಣಿಯ ಬಟ್ಟಲಿಗೆ, ಹೊರಗಿನಿಂದ ಒಳಗಿನ ಪಂಕ್ತಿಗೆ ಬಂದುದನ್ನು ಅವರು ತಮ್ಮ ಬಾಳಿನಲ್ಲಿಯೇ ಕಂಡಿದ್ದರು. ಆದರೆ ಅಂತಹ ಅಸಾಧಾರಣ ಶಕ್ತಿವಂತನಿಗೇ ಒಂದು ಬಟ್ಟಲಿನ ದೂರವನ್ನು ದಾಟಲು ಅಷ್ಟು ವರ್ಷಗಳು ಹಿಡಿದುವು. ಚೆಂಡು ತಿರುಗಿಸಲು ಬಾರದ ಸಾಮಾನ್ಯನು ಎಷ್ಟು ಕಾಲ ಕಾಯಬೇಕು? ಅಂಬೇಡ್ಕರರ ಪಕ್ಷದ ಬಲವಿದ್ದುದು ಈ ಪ್ರಶ್ನೆಯಲ್ಲಿ. ಅದಕ್ಕೆ ಬಾಲೂವಿನ ಮಿತ್ರರಾದ ನಾವು ಕೊಡಬೇಕಾದ ಉತ್ತರವು ಮಾತಿನದಲ್ಲ, ನಡತೆಯದು.

1955ರ ಜುಲೈ 4ರಂದು ಬಾಲೂ ಮುಂಬಯಿಯಲ್ಲಿ ತೀರಿಕೊಂಡರು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ಟುಗಳು ಅವರ ಹೆಸರಿಗಿವೆ. ಭಾರತವು ಟೆಸ್ಟ್ ಪಂದ್ಯವನ್ನಾಡತೊಡಗಿದುದು 1932ರಲ್ಲಿ. ಆಗ ಅವರ ಆಟದ ಕಾಲ ಮುಗಿದಿದ್ದಿತು. ದಾಖಲೆಗಳನ್ನು ಮಾತ್ರ ನೋಡುವವರ ಕಣ್ಣಿಗೆ ಅವರು ಬೀಳದಿರುವುದಕ್ಕೆ ಇದೂ ಒಂದು ಕಾರಣ.

ನಮ್ಮ ಕ್ಲಬ್ಬುಗಳ ಆಡಳಿತಗಾರರಲ್ಲಿ ನಮ್ಮದೊಂದು ವಿಜ್ಞಾಪನೆ. ಕೀರ್ತಿಫಲಕವನ್ನು ಬರೆಯಿಸುವ ಮುನ್ನ ಹಳೆಯ ಸಂಬಳದ ಪುಸ್ತಕಗಳನ್ನೂ ಒಮ್ಮೆ ತೆರೆದು ನೋಡಿರಿ. ಆಟ ಕಲಿಸಿದವರ ಹೆಸರು ಸದಸ್ಯರ ಪಟ್ಟಿಯಲ್ಲಿ ಸಿಕ್ಕದಿದ್ದರೆ ಅಲ್ಲಿ ಸಿಕ್ಕೀತು. ಇಂದು ಅಂಗಳ ಗುಡಿಸುತ್ತಿರುವವನ ಮಗನಿಗೂ ಸದಸ್ಯರ ಮಕ್ಕಳ ಸಂಗಡ ಒಂದು ಗಂಟೆ ಆಡಲು ಅವಕಾಶವಾಗಲಿ. ಧಾರವಾಡದ ಬಾಲೂವಿಗೆ ಕನ್ನಡಿಗರು ಸಲ್ಲಿಸಬೇಕಾದ ಬಾಕಿಯನ್ನು ತೀರಿಸಲು ನಮಗೆ ತೋರುವ ಮಾರ್ಗವಿದು.