ನೂರು ವರ್ಷ ಬಾಳಿದ ಯೋಗದ ಮೇಷ್ಟ್ರು, ಕೂಟಗಲ್‌ನ ಅಜ್ಜಿಯರು

ಜೂನ್ 21 ಬಂದರೆ ಮೈದಾನದ ತುಂಬ ಚಾಪೆ, ವೇದಿಕೆ ಮೇಲೆ ಮಂತ್ರಿಗಳು. ಇದರಲ್ಲಿ ಮಂಡಿ ನೋವಿನ ಅಜ್ಜಿ ಎಲ್ಲಿ ಅಂತ ಯೋಚಿಸಿದಾಗೆಲ್ಲ ನನಗೆ ತಿರುಮಲೈ ಕೃಷ್ಣಮಾಚಾರ್ಯ ನೆನಪಾಗ್ತಾರೆ.

1888ರಲ್ಲಿ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದವರು. ಶಾಸ್ತ್ರಗಳನ್ನು ಓದಿಯೂ ಹೊಟ್ಟೆಪಾಡಿಗೆ ಕಾಫಿ ತೋಟದಲ್ಲಿ ದುಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ನೆರವಿನಿಂದ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಮರುವರ್ಷ ಕನ್ನಡದಲ್ಲೇ 'ಯೋಗ ಮಕರಂದ' ಬರೆದರು. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇವರ ಗರಡಿಯವರೇ. ಹಾಗಂತ ಪೂಜಿಸಬೇಕಿಲ್ಲ: ಇಂದ್ರಾದೇವಿಗೆ ಕಲಿಸಲು ಮೊದಲು ಒಪ್ಪದೆ, ಮಹಾರಾಜರು ಹೇಳಿದ ಮೇಲೆ ಒಪ್ಪಿದವರು.

ಮೈಸೂರಿನಲ್ಲಿದ್ದದ್ದು ಹುಡುಗರ ಕಸರತ್ತು, ಪ್ರದರ್ಶನ. ಅರಮನೆಯ ಆಸರೆ ಹೋಗಿ 1950ರಲ್ಲಿ ಶಾಲೆ ಮುಚ್ಚಿತು. ಅರವತ್ತು ದಾಟಿದ ಮೇಲೆ ಸಂಸಾರ ಕಟ್ಟಿಕೊಂಡು ಮದ್ರಾಸಿಗೆ ಹೋದರು. ಅಲ್ಲಿ ಬಂದವರಲ್ಲಿ ಕಾಯಿಲೆಯವರು, ವಯಸ್ಸಾದವರು ಹೆಚ್ಚು. ಆಸನಕ್ಕೆ ಮೈ ಬಗ್ಗಿಸುವ ಬದಲು ಮೈಗೆ ತಕ್ಕಂತೆ ಆಸನ ಬದಲಿಸುವುದು, ಪ್ರತಿ ಚಲನೆಗೂ ಉಸಿರು ಜೋಡಿಸುವುದು ಅವರ ಪಾಠದ ತಿರುಳಾಯಿತು. ಮಗ ದೇಶಿಕಾಚಾರ್ ಸಿವಿಲ್ ಎಂಜಿನಿಯರಿಂಗ್ ಬಿಟ್ಟು ಅಪ್ಪನ ಬಳಿ ಕಲಿಯಲು ಕೂತರು. ನಾನೂ ಎಂಜಿನಿಯರಿಂಗ್ ಬಿಟ್ಟವನೇ. ಕಂಬದ ತಾಕತ್ತು ನೋಡಿ ಭಾರ ಹಾಕಬೇಕು ಅನ್ನೋದು ಮಾತ್ರ ಮರೆತಿಲ್ಲ.

96ರಲ್ಲಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಬೇಡವೆಂದು, ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸ ರೂಪಿಸಿಕೊಂಡರು. 1989ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು.

ಒಬ್ಬರ ಆಯುಷ್ಯ ಪುರಾವೆಯಲ್ಲ, ಮೂಳೆ ಮುರಿದರೆ ಡಾಕ್ಟರ ಮಾತೇ ಕೇಳಬೇಕು. ಆದರೆ ಮರೆಗುಳಿತನದ ಅಪಾಯ ತಗ್ಗಿಸಲು ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಯೋಗ, ತೈ ಚಿಯಂಥವು ಹಿರಿಯರ ನೆನಪು, ಗಮನಕ್ಕೆ ತುಸು ನೆರವಾಗುತ್ತವೆಂದು ಅಧ್ಯಯನಗಳು ಸೂಚಿಸುತ್ತವೆ. ಹಲವು ಸಣ್ಣವು, ಪವಾಡವೇನಿಲ್ಲ. ಚಲನೆಯ ಕ್ರಮ ನೆನಪಿಡಬೇಕು, ಉಸಿರು ಗಮನಿಸಬೇಕು, ಬೀಳದಂತೆ ನಿಲ್ಲಬೇಕು: ಮೈ, ಮಿದುಳು ಎರಡಕ್ಕೂ ಕೆಲಸ. ಜೊತೆಗೆ ನಾಲ್ಕು ಜನ ಸೇರುತ್ತಾರೆ; ಒಂಟಿತನವೂ ಮರೆಗುಳಿತನಕ್ಕೆ ದಾರಿಯೇ.

ರಾಮನಗರದ ಕೂಟಗಲ್ ಕಡೆ ಹೋಗಿ ಇದನ್ನು ಹೇಳಿದರೆ, ಹೊಲದಲ್ಲಿ, ರೇಷ್ಮೆ ಹುಳುವಿನ ಮನೆಯಲ್ಲಿ ಗೇದ ಅಜ್ಜಿಗೆ ಎಂಥಾ ಎಕ್ಸರ್‌ಸೈಜು ಅಂತ ನಗ್ತಾರೆ. ಆದರೆ ಆ ದುಡಿಮೆ ಅವಳ ಮೈ ನೋಡಿ ಅಳೆದದ್ದಲ್ಲ. ಮಂಡಿ ಸೋತ ದಿನ ಅವಳು ಜಗಲಿ ಹಿಡಿಯುತ್ತಾಳೆ, ಮಾತೂ ಕಮ್ಮಿಯಾಗುತ್ತದೆ. ಅವಳಿಗೆ ಬೇಕಿರುವುದು ಒಂದು ಗಟ್ಟಿ ಕುರ್ಚಿ, ಊರಲ್ಲೇ ಒಂದು ಜಾಗ, ವಾರಕ್ಕೆರಡು ಸಲ ತಾಳ್ಮೆಯಿಂದ ಕಲಿಸುವವರು. ಮೈದಾನದ ಚಾಪೆಗೆ ದುಡ್ಡಿರುವ ಸರ್ಕಾರಕ್ಕೆ ಇದು ಹೊರೆಯಲ್ಲ. ಪಂಚಾಯ್ತಿ ಎಲೆಕ್ಷನ್‌ಗೆ ವೋಟು ಕೇಳಲು ಬಂದವರನ್ನು ಈ ಸಲ ಇದನ್ನೂ ಕೇಳಿ.