ಅಶೋಕ ಚಕ್ರವರ್ತಿಯ ಪಶ್ಚಾತ್ತಾಪ

ಮಗಧಾಧಿಪತಿಯಾದ ಅಶೋಕ ಚಕ್ರವರ್ತಿಯು ಪಟ್ಟಾಭಿಷಿಕ್ತನಾದ 8 ವರ್ಷಗಳ ತರುವಾಯ, ಸುಮಾರು ಕ್ರಿ. ಪೂ. 261ರಲ್ಲಿ, ಕಲಿಂಗ ದೇಶವನ್ನು ಜಯಿಸಿದನು. ಆ ಯುದ್ಧದಲ್ಲಿ 1,00,000 ಜನರು ಹತರಾದರೆಂದೂ 1,50,000 ಜನರು ಸೆರೆಯಾಗಿ ಒಯ್ಯಲ್ಪಟ್ಟರೆಂದೂ ಅವನ 13ನೆಯ ಶಿಲಾಶಾಸನವೇ ಸಾರುತ್ತದೆ.

ತನ್ನವರು ಪರರಿಗೆ ಗೈದ ಅಪರಾಧವನ್ನು ವಿಜಯವೆಂದು ಕರೆದು ಮನ್ನಿಸಿಬಿಡುವುದು ಲೋಕರೂಢಿ. ಅಶೋಕನಾದರೋ ಹಾಗೆ ಮಾಡದೆ, ಶತ್ರುದೇಶದ ಬ್ರಾಹ್ಮಣ, ಶ್ರಮಣ, ಗೃಹಸ್ಥರ ದುಃಖವನ್ನು ನೆನೆದು ಪರಿತಪಿಸಿದನು. ಇದು ಅವನ ಹಿರಿಮೆ.

ಆದರೆ ಸೆರೆಯವರನ್ನು ಬಿಡಿಸಿದ ಮಾತು ಆ ಶಾಸನದಲ್ಲಿಲ್ಲ. ನೊಂದ ಕಲಿಂಗದ ಧೌಳಿ, ಜೌಗಡಗಳ ಬಂಡೆಗಳ ಮೇಲೆ ಆ ಶಾಸನವನ್ನೇ ಕೆತ್ತಿಸಲಿಲ್ಲ. ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂಬ ಬೇರೊಂದು ಶಾಸನವನ್ನು ಅಲ್ಲಿ ಬರೆಯಿಸಿದನು. ತಮ್ಮವರ ಮುಂದೆ ತಪ್ಪೊಪ್ಪುವುದು ಅರ್ಧ ಪ್ರಾಯಶ್ಚಿತ್ತ ಮಾತ್ರ. ಕ್ಷಮಿಸುವ ಅಧಿಕಾರವು ನೊಂದವರದೆಂಬುದನ್ನು ಸದ್ಭಕ್ತರು ಮನನಮಾಡತಕ್ಕದ್ದು.