ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಬೆಂಗಳೂರು ನಗರದ ರೈಲುನಿಲ್ದಾಣದಿಂದ ಹೊರಬಂದು ರಸ್ತೆಯನ್ನು ದಾಟುವ ಪ್ರಯಾಣಿಕರಲ್ಲಿ ಗುಬ್ಬಿ ತೋಟದಪ್ಪನವರ ಹೆಸರನ್ನು ಕಾಣದವರು ವಿರಳ. ರಸ್ತೆಗೂ ಆ ಹೆಸರೇ, ಛತ್ರಕ್ಕೂ ಆ ಹೆಸರೇ. ಆದರೆ ಫಲಕದ ಮೇಲಿನ ಹೆಸರನ್ನು ಓದಿದವರೆಲ್ಲರೂ ಆ ಮಹನೀಯರ ಚರಿತ್ರೆಯನ್ನು ಅರಿತವರೆಂದು ಹೇಳಲಾಗದು. ಅವರು ನಮ್ಮ ತುಮಕೂರು ಸೀಮೆಯವರು. ನಮ್ಮ ಮಕ್ಕಳು ದಿನವೂ ಹತ್ತಿ ಇಳಿಯುವ ಗುಬ್ಬಿಯ ಮಣ್ಣಿನಲ್ಲಿ ಜನಿಸಿದವರು. ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಈಗಿನ ವಿದ್ಯಾರ್ಥಿನಿಯರ ತಾಯಿತಂದೆಗಳೂ ಕೂಡುವ ಈ ಸಂದರ್ಭದಲ್ಲಿ ಅವರ ಜೀವಿತವನ್ನು ಸಂಕ್ಷೇಪವಾಗಿ ನಿರೂಪಿಸಿ, ಅದರಿಂದ ನಾವು ಕಲಿತ ಒಂದು ಪಾಠವನ್ನು ನಿವೇದಿಸಿಕೊಳ್ಳುವೆವು.

ತೋಟದಪ್ಪನವರು 1838ನೆಯ ಇಸವಿಯಲ್ಲಿ ಗುಬ್ಬಿಯ ಒಂದು ವೀರಶೈವ ಕುಟುಂಬದಲ್ಲಿ ಹುಟ್ಟಿದರು. ಆಗ ಗುಬ್ಬಿಯು ಅಡಿಕೆ, ಕೊಬ್ಬರಿಗಳ ವ್ಯಾಪಾರಕ್ಕೂ ಸಂತೆಗೂ ಹೆಸರಾದ ಊರು. ವೆಸ್ಲಿಯನ್ ಮಿಷನ್ನಿನವರು ಮೈಸೂರು ಸೀಮೆಯಲ್ಲಿ ಕೆಲಸವನ್ನು ತೊಡಗಿದ ಮೊದಮೊದಲಿನ ಸ್ಥಳಗಳಲ್ಲಿ ಗುಬ್ಬಿಯೂ ಒಂದು. ಅಲ್ಲಿ ಕೆಲಕಾಲವಿದ್ದ ವಿಲಿಯಂ ಆರ್ಥರ್ ಎಂಬವರು ಮೈಸೂರಿನ ತಮ್ಮ ಅನುಭವಗಳನ್ನು 1847ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ತೋಟದಪ್ಪನವರ ಬಾಲ್ಯವು ಇಂತಹ ಊರಿನ ಅಂಗಡಿಬೀದಿಯಲ್ಲಿ ಕಳೆಯಿತು. ಬಳಿಕ ಕುಟುಂಬವು ಬೆಂಗಳೂರಿಗೆ ಬಂದು ನೆಲೆಸಿತು. ಮಾಮೂಲುಪೇಟೆಯಲ್ಲಿ ಅವರು ವ್ಯಾಪಾರವನ್ನು ನಡೆಸಿ, ಪ್ರಾಮಾಣಿಕತೆಯಿಂದಲೂ ಮಿತವ್ಯಯದಿಂದಲೂ ವಿಶೇಷವಾದ ಐಶ್ವರ್ಯವನ್ನು ಸಂಪಾದಿಸಿದರು.

ಅವರು ನಡುವಯಸ್ಸಿನವರಾಗಿದ್ದಾಗ ನಾಡಿಗೆ ಘೋರವಾದ ಕ್ಷಾಮವು ಬಂದಿತು. 1876ರಿಂದ 1878ರವರೆಗಿನ ಆ ಕ್ಷಾಮವನ್ನು ಕುರಿತು ನಮ್ಮ ಅಜ್ಜಿಯರ ಅಜ್ಜಿಯರು ಹೇಳುತ್ತಿದ್ದ ಕಥೆಗಳು ಇಂದಿಗೂ ಕೆಲವು ಮನೆಗಳಲ್ಲಿ ಉಳಿದಿರುವುವು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರ ಗಣತಿಯಲ್ಲಿ 42 ಲಕ್ಷಕ್ಕಿಂತಲೂ ಕೆಳಗಿಳಿದಿತ್ತೆಂದರೆ ಹೆಚ್ಚಿಗೆ ಹೇಳಬೇಕಾದುದಿಲ್ಲ. ಅದಾದ ಮೇಲೆ 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳ ಕಡೆಗೆ ರೈಲುಮಾರ್ಗವು ತೆರೆಯಿತು. ಗಾಡಿಯಲ್ಲಿ ದಿನಗಟ್ಟಲೆ ಪ್ರಯಾಣಮಾಡುತ್ತಿದ್ದ ಹಳ್ಳಿಗರು ಕೆಲವೇ ಗಂಟೆಗಳಲ್ಲಿ ರಾಜಧಾನಿಗೆ ಬಂದಿಳಿಯತೊಡಗಿದರು. ಆದರೆ ಇಳಿದವರಿಗೆ ತಂಗುವುದಕ್ಕೆ ಎಡೆಯೆಲ್ಲಿ? ಕಚೇರಿಯ ಕೆಲಸಕ್ಕೆ ಬಂದ ರೈತನೂ ಕಾಲೇಜನ್ನು ಹುಡುಕಿಕೊಂಡು ಬಂದ ಬಾಲಕನೂ ಪರಿಚಯಸ್ಥರಿಲ್ಲದೆ ತಬ್ಬಿಬ್ಬಾಗುತ್ತಿದ್ದರು.

ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಗಳಿಸಿದ ಸಂಪತ್ತೆಲ್ಲವನ್ನೂ ಧರ್ಮಕ್ಕೇ ಮೀಸಲಿಡಬೇಕೆಂದು ಅವರು ಸಂಕಲ್ಪಿಸಿದರು. ಆ ಕಾಲದಲ್ಲಿ ಶ್ರೀಮಂತರು ಕೆರೆಕಟ್ಟೆಗಳನ್ನೂ ಗುಡಿಗೋಪುರಗಳನ್ನೂ ಕಟ್ಟಿಸುವುದು ವಾಡಿಕೆಯಾಗಿದ್ದಿತು. ಇವರು ರೈಲುನಿಲ್ದಾಣದ ಬಳಿಯಲ್ಲೇ 1897ರಲ್ಲಿ ರೈಲ್ವೆಯವರಿಂದ ಭೂಮಿಯನ್ನು ಕ್ರಯಕ್ಕೆ ಪಡೆದು, ಅಲ್ಲಿ ವಿಶಾಲವಾದ ಧರ್ಮಛತ್ರವನ್ನು ಕಟ್ಟಿಸಿದರು. 1903ರಲ್ಲಿ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರ ಹಸ್ತದಿಂದ ಅದರ ಪ್ರಾರಂಭೋತ್ಸವವು ನೆರವೇರಿತು. ಆ ಪ್ರಭುಗಳು ರಾಜ್ಯಾಧಿಕಾರವನ್ನು ವಹಿಸಿಕೊಂಡು ಆಗ ಒಂದು ವರ್ಷವೂ ತುಂಬಿರಲಿಲ್ಲ.

ಛತ್ರವನ್ನು ಕಟ್ಟಿದ ಸ್ಥಳವನ್ನು ವಾಚಕರು ಚೆನ್ನಾಗಿ ಗಮನಿಸಬೇಕೆಂದು ನಮ್ಮ ಪ್ರಾರ್ಥನೆ. ಊರ ಹೊರಗಿನ ತೋಟದಲ್ಲಿ ಇದಕ್ಕಿಂತ ಅಗ್ಗವಾಗಿ ದೊಡ್ಡ ಕಟ್ಟಡವನ್ನೇ ಎಬ್ಬಿಸಬಹುದಾಗಿದ್ದಿತು. ಆದರೆ ದಾರಿ ಅರಿಯದ ಹಳ್ಳಿಗನು ಗಾಡಿಯಿಂದ ಇಳಿದು ಗಂಟನ್ನು ಹೆಗಲಿಗೇರಿಸಿ ಕಣ್ಣೆತ್ತಿದಾಗ ಮೊದಲು ಕಾಣುವ ಬಾಗಿಲು ಈ ಛತ್ರದ್ದೇ ಆಯಿತು. ಸಹಾಯವು ಎಲ್ಲಿಯೋ ಇದೆಯೆಂಬುದರಿಂದ ಬಡವನಿಗೆ ಪ್ರಯೋಜನವಿಲ್ಲ. ಅವನು ಬಂದು ನಿಂತ ಕಡೆಯಲ್ಲಿಯೇ ಅದು ಅವನಿಗೆ ಎದುರಾಗಬೇಕು.

ಯಾತ್ರಿಕರ ಛತ್ರದೊಡನೆ ಅವರು ವಿದ್ಯಾರ್ಥಿಗಳ ಉಚಿತ ನಿಲಯವನ್ನೂ ಸ್ಥಾಪಿಸಿದರು. ಆ ಕಾಲದಲ್ಲಿ ತುಮಕೂರು ಜಿಲ್ಲೆಯಲ್ಲಿ ಕಾಲೇಜು ಇರಲಿಲ್ಲ. ಪ್ರೌಢವಿದ್ಯೆಯನ್ನು ಬಯಸಿದವನು ಬೆಂಗಳೂರಿಗಾಗಲಿ ಮೈಸೂರಿಗಾಗಲಿ ಹೋಗಬೇಕಾಗಿತ್ತು. ಫೀಜನ್ನು ಹೇಗೋ ಹೊಂದಿಸಿಕೊಂಡರೂ ಊಟ ವಸತಿಗಳ ವೆಚ್ಚವನ್ನು ಭರಿಸಲಾರದೆ ಹಿಂದಿರುಗಿದ ಬಾಲಕರು ಅನೇಕರು. ಈ ನಿಲಯವು ಮುಖ್ಯವಾಗಿ ವೀರಶೈವ ಬಾಲಕರಿಗಾಗಿ ಏರ್ಪಟ್ಟುದು. ಆ ಕಾಲದ ಧರ್ಮಸಂಸ್ಥೆಗಳು ಬಹುಮಟ್ಟಿಗೆ ಹೀಗೆಯೇ ತಮ್ಮ ತಮ್ಮ ಸಮಾಜಕ್ಕೆ ಸೇವೆ ಸಲ್ಲಿಸುತ್ತಿದ್ದುವು. ಹೆಣ್ಣುಮಕ್ಕಳಿಗೆ ಅದರಲ್ಲಿ ಎಡೆಯಿರಲಿಲ್ಲವೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೂ ಅಲ್ಲಿ ಹಚ್ಚಿದ ದೀಪದ ಬೆಳಕು ಗೋಡೆಗಳನ್ನು ದಾಟಿತು. ತುಮಕೂರಿನಲ್ಲಿ ಓದಿ 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದ ವೀರಾಪುರದ ತರುಣನೊಬ್ಬನು ತೋಟದಪ್ಪನವರ ಆಶ್ರಯದಲ್ಲಿಯೇ ಉಳಿದು ವ್ಯಾಸಂಗ ಮಾಡಿದನು. ಆತನೇ ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳಾಗಿ, ಜಾತಿಮತಭೇದವಿಲ್ಲದೆ ಸಹಸ್ರಾರು ಬಡ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿ 2019ರಲ್ಲಿ ಲಿಂಗೈಕ್ಯರಾದರು. ಒಬ್ಬ ವಿದ್ಯಾರ್ಥಿಗೆ ಕೊಟ್ಟ ಆಶ್ರಯವು ಎಷ್ಟು ಮಡಿಯಾಗಿ ಬೆಳೆಯಬಲ್ಲುದೆಂಬುದಕ್ಕೆ ಬೇರೆ ನಿದರ್ಶನವು ಬೇಕಿಲ್ಲ.

ಮೈಸೂರಿನ ಮಹಾರಾಜರು ತೋಟದಪ್ಪನವರಿಗೆ ಧರ್ಮಪ್ರವರ್ತರೆಂಬ ಬಿರುದನ್ನು ದಯಪಾಲಿಸಿದರು. ಬ್ರಿಟಿಷ್ ಸರ್ಕಾರದವರು ರಾವ್ ಬಹದ್ದೂರ್ ಪದವಿಯನ್ನಿತ್ತು ಗೌರವಿಸಿದರು. ಆದರೆ ಅವರ ವಿವೇಕವು ಬಿರುದುಗಳಿಗಿಂತಲೂ ಅವರ ಕೊನೆಯ ಏರ್ಪಾಡಿನಲ್ಲಿ ಹೆಚ್ಚಾಗಿ ಕಾಣುವುದು. ತಮ್ಮ ಕಾಲಾನಂತರ ಧರ್ಮವು ನಿಂತುಹೋಗಬಾರದೆಂದು ಅವರು ಆಸ್ತಿಯೆಲ್ಲವನ್ನೂ ಒಂದು ಧರ್ಮಸಂಸ್ಥೆಗೆ ಒಪ್ಪಿಸಿ, ಅದರ ಮೊದಲನೆಯ ಅಧ್ಯಕ್ಷತೆಯನ್ನು ಶ್ರೀ ಕೆ. ಪಿ. ಪುಟ್ಟಣ್ಣಚೆಟ್ಟಿಯವರಿಗೆ ವಹಿಸಿದರು. ಬೆಂಗಳೂರಿನ ಪುರಭವನವು ಇಂದಿಗೂ ಧರಿಸಿರುವುದು ಈ ಪುಟ್ಟಣ್ಣಚೆಟ್ಟಿಯವರ ಹೆಸರನ್ನೇ. ಹೀಗೆ ಲೆಕ್ಕಪತ್ರಗಳನ್ನು ಸಮರ್ಥರ ಕೈಗೆ ಕೊಟ್ಟು, 1910ರ ಫೆಬ್ರವರಿಯಲ್ಲಿ ತೋಟದಪ್ಪನವರು ದೇಹವನ್ನು ಬಿಟ್ಟರು. ಅವರು ನೆಟ್ಟ ಸಂಸ್ಥೆಯು ಅವರು ಗತಿಸಿ ನೂರು ವರ್ಷಗಳು ಕಳೆದ ಮೇಲೂ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತ ಬಂದಿರುವುದು.

ಇಷ್ಟು ಚರಿತ್ರೆಯಾಯಿತು. ಇನ್ನು ನಮ್ಮ ಮನಸ್ಸನ್ನು ಕೆಲವು ವರ್ಷಗಳಿಂದ ಬಾಧಿಸುತ್ತಿರುವ ಸಂಗತಿಯನ್ನು ಹೇಳುವೆವು.

ತೋಟದಪ್ಪನವರ ಕಾಲದಲ್ಲಿ ಬಡ ವಿದ್ಯಾರ್ಥಿಗೆ ಸಹಾಯವೇ ದುರ್ಲಭವಾಗಿದ್ದಿತು. ಈಗ ಅದು ಹಲವು ದಿಕ್ಕುಗಳಿಂದ ದೊರೆಯುತ್ತಿದೆ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತ ಎಂಬೀ ಎಲ್ಲ ವರ್ಗಗಳ ಮಕ್ಕಳಿಗೂ ಸರ್ಕಾರದ ವಿದ್ಯಾರ್ಥಿವೇತನಗಳುಂಟು. 2021ರಲ್ಲಿ ಏರ್ಪಟ್ಟ ರೈತವಿದ್ಯಾನಿಧಿಯಲ್ಲಿ ಪಿಯುಸಿ ಓದುವ ರೈತನ ಮಗನಿಗೆ ವರ್ಷಕ್ಕೆ 2,500 ರೂಪಾಯಿಗಳನ್ನೂ ಮಗಳಿಗೆ 3,000 ರೂಪಾಯಿಗಳನ್ನೂ ಗೊತ್ತುಮಾಡಿದರು. ಆದರೆ ಈ ನೆರವಿನ ಬಾಗಿಲು ರೈಲುನಿಲ್ದಾಣದ ಎದುರಿಗಿಲ್ಲ. ಆಧಾರ್ ಸಂಖ್ಯೆ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪರೀಕ್ಷೆಯ ನೋಂದಣಿ ಸಂಖ್ಯೆ, ಆಧಾರಿಗೆ ಜೋಡಿಸಿದ ಬ್ಯಾಂಕಿನ ಖಾತೆ, ಇವೆಲ್ಲವೂ ಒಂದಕ್ಕೊಂದು ಹೊಂದಿಕೊಂಡು ಕಂಪ್ಯೂಟರಿನ ಮೂಲಕ ಅರ್ಜಿಯು ಗಡುವಿನೊಳಗೆ ಪೂರ್ತಿಯಾಗಬೇಕು. ಒಂದು ಅಕ್ಷರವು ಹೆಚ್ಚುಕಡಿಮೆಯಾದರೂ ಬಾಗಿಲು ಮುಚ್ಚುವುದು.

ಕುಣಿಗಲ್ ಕಡೆಯ ಹಳ್ಳಿಯ ಬಾಲಕಿಯೊಬ್ಬಳು ನಮ್ಮಲ್ಲಿ ಓದಿ ಒಳ್ಳೆಯ ಅಂಕಗಳೊಡನೆ ತೇರ್ಗಡೆಯಾದಳು. ಅವಳ ಹೆಸರಿನ ಮುಂದಿನ ಇನಿಷಿಯಲ್ ನಮ್ಮ ದಾಖಲೆಯಲ್ಲಿ ಒಂದು ವಿಧವಾಗಿಯೂ ಆಧಾರಿನಲ್ಲಿ ಇನ್ನೊಂದು ವಿಧವಾಗಿಯೂ ಇದ್ದಿತು. ಅರ್ಜಿಯು ಮುಂದೆ ಸಾಗಲಿಲ್ಲ. ಕೂಲಿಯಾಳಾದ ತಂದೆಯು ಎರಡು ದಿನಗಳ ಕೂಲಿಯನ್ನು ಬಿಟ್ಟು ಅಲೆದು, ಮೂರನೆಯ ದಿನ ಕೈಚೆಲ್ಲಿದನು. ಹುಡುಗಿಯು ಒಂದು ವರ್ಷ ಮನೆಯಲ್ಲಿ ಉಳಿದಳು. ನಾವಾದರೋ ವಿದ್ಯಾರ್ಥಿವೇತನದ ಪ್ರಕಟನೆಯನ್ನು ಫಲಕಕ್ಕೆ ಅಂಟಿಸಿದ್ದೆವು. ಅಷ್ಟರಿಂದಲೇ ನಮ್ಮ ಕರ್ತವ್ಯವು ತೀರಿತೆಂದು ಭಾವಿಸಿದ್ದೆವು. ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳುವೆವು.

ಪ್ರಕಟನೆ ಮಾತ್ರ ಸಾಲದೆಂಬುದು ದೂರದ ಅಮೆರಿಕಾ ದೇಶದಲ್ಲಿಯೂ ಸಿದ್ಧಪಟ್ಟಿದೆ. ಅಲ್ಲಿ ಸರ್ಕಾರದ ಧನಸಹಾಯಕ್ಕೆ ದೀರ್ಘವಾದ ಅರ್ಜಿಯೊಂದನ್ನು ತುಂಬಬೇಕಾಗುವುದು. 2008ರಲ್ಲಿ ವಿದ್ವಾಂಸರು ಅಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು. ಆದಾಯ ತೆರಿಗೆಯ ಲೆಕ್ಕವನ್ನು ಬರೆಸಲು ಬಂದ ಬಡ ಕುಟುಂಬಗಳಲ್ಲಿ ಕೆಲವಕ್ಕೆ ಬರಿಯ ವಿವರಗಳನ್ನು ಹೇಳಿದರು. ಕೆಲವಕ್ಕೆ ಅಲ್ಲಿಯೇ ಕುಳಿತು ಅರ್ಜಿಯನ್ನು ತುಂಬಿಕೊಟ್ಟರು. ವಿವರವನ್ನು ಮಾತ್ರ ಕೇಳಿದವರಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅರ್ಜಿ ತುಂಬಿಸಿಕೊಂಡವರ ಮಕ್ಕಳಲ್ಲಿ ಎರಡು ವರ್ಷ ಕಾಲೇಜಿನಲ್ಲಿ ಓದಿದವರ ಪ್ರಮಾಣವು ನೂರಕ್ಕೆ 28ರಿಂದ 36ಕ್ಕೆ ಏರಿತು. ತೋಟದಪ್ಪನವರು ಛತ್ರವನ್ನು ನಿಲ್ದಾಣದ ಬಳಿಯಲ್ಲಿ ಕಟ್ಟಿದ ಯುಕ್ತಿಯೂ ಇದೇ ಅಲ್ಲವೇ?

ಮರುವರ್ಷ ನಾವು ಕ್ರಮವನ್ನು ಬದಲಾಯಿಸಿದೆವು. ಹತ್ತನೆಯ ತರಗತಿಗೆ ಬರುವ ಮೊದಲೇ ಪ್ರತಿಯೊಬ್ಬ ಬಾಲಕಿಯ ದಾಖಲೆಗಳನ್ನೂ ಒಂದೆಡೆಯಿಟ್ಟು ಹೋಲಿಸಿ, ಹೆಸರಿನ ದೋಷಗಳನ್ನು ತಿದ್ದಿಸಿದೆವು. ಶನಿವಾರಗಳಂದು ಕೆಲವರು ಹಳೆಯ ವಿದ್ಯಾರ್ಥಿನಿಯರು ಬಂದು ತಾಯಂದಿರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿಗಳನ್ನು ಕೊನೆಯವರೆಗೆ ತುಂಬಿ, ಸ್ವೀಕೃತಿಯ ಪ್ರತಿಯನ್ನು ಅವರ ಕೈಗಿಟ್ಟು ಕಳುಹಿಸಿದರು. ಕುಣಿಗಲ್ ಕಡೆಯ ಆ ಬಾಲಕಿಯ ಅರ್ಜಿಯೂ ಹಾಗೆಯೇ ಪೂರ್ತಿಯಾಯಿತು. ಅವಳು ಕಾಲೇಜನ್ನು ಸೇರಿದಳು. ಕಳೆದುಹೋದ ಒಂದು ವರ್ಷವನ್ನು ಮಾತ್ರ ಅವಳಿಗೆ ಯಾರೂ ಹಿಂದಕ್ಕೆ ಕೊಡಲಾರರು.

ತಾಯಿತಂದೆಗಳೇ, ಸಹಾಯವನ್ನು ಕೇಳುವುದು ಅವಮಾನವೆಂದು ಬಗೆಯಬೇಡಿರಿ. ಅದು ನಿಮ್ಮ ಮಕ್ಕಳಿಗೆಂದೇ ಇಟ್ಟ ಬುತ್ತಿ. ದಾಖಲೆಗಳನ್ನು ಈಗಲೇ ನೋಡಿಕೊಳ್ಳಿರಿ; ಸಂಶಯವಿದ್ದರೆ ನಮ್ಮಲ್ಲಿಗೆ ಬನ್ನಿರಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ಛತ್ರವನ್ನು ಕಟ್ಟಿಸುವ ಐಶ್ವರ್ಯವು ನಮ್ಮಲ್ಲಿ ಯಾರಿಗೂ ಇಲ್ಲದಿರಬಹುದು. ಆದರೆ ಒಂದು ಶನಿವಾರದ ಬೆಳಗನ್ನು ಕೊಡುವಷ್ಟು ಸಿರಿವಂತಿಕೆಯು ನಮ್ಮೆಲ್ಲರಿಗೂ ಉಂಟು. ಗುಬ್ಬಿಯಲ್ಲಿ ಹುಟ್ಟಿದ ಆ ಪುಣ್ಯಪುರುಷರು ಅಪರಿಚಿತರ ಮಕ್ಕಳಿಗಾಗಿ ಬಾಗಿಲನ್ನು ತೆರೆದಿಟ್ಟರು. ನಮ್ಮ ಮಕ್ಕಳ ಕೈಹಿಡಿದು ಬಾಗಿಲವರೆಗೆ ನಡೆಯಿಸುವ ಕಾರ್ಯವನ್ನಾದರೂ ನಾವು ಮಾಡೋಣ.